ಶುಭಕೋರುವವರು

ಫ್ಲೆಕ್ಸ್ ಬೋರ್ಡ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಕಡೆ ಹುಟ್ಟಿದರೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು. ಪಂಚಾಯ್ತಿ ಮೆಂಬರನ ಹುಟ್ಟುಹಬ್ಬಕ್ಕೆ ಒಂದು, ಅವನ ಹೋರಿ ಹಬ್ಬದಲ್ಲಿ ಗೆದ್ದರೆ ಆ ಹೋರಿಗೊಂದು. ಮೇಲೆ ಒಂದು ದೊಡ್ಡ ಮುಖ, ಕೆಳಗೆ 'ಶುಭಕೋರುವವರು' ಎಂದು ಬರೆದು ಟ್ರೇಯಲ್ಲಿ ಕೋಳಿಮೊಟ್ಟೆ ಜೋಡಿಸಿದ ಹಾಗೆ ಸಣ್ಣ ಸಣ್ಣ ಮುಖಗಳು. "ನಿಮ್ದೊಂದು ಯಾರೂ ಹಾಕ್ಸಿಲ್ಲ ಅಂತ ಹೊಟ್ಟೆಕಿಚ್ಚು ನಿಮ್ಗೆ" ಎಂದು ನನ್ನ ಹೆಂಡತಿ ಸೈದಾಬೀ ಮೊದಲೆಲ್ಲ ಛೇಡಿಸುತ್ತಿದ್ದಳು. ಈಗ ಛೇಡಿಸುವುದಿಲ್ಲ. ದಾರಿಯಲ್ಲಿ ಫ್ಲೆಕ್ಸ್ ಬಂದರೆ ಅವಳೇ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾಳೆ.

ನನ್ನ ಹೆಸರು ಅಮೀರ್‌ಜಾನ್. ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಬಂದು, ನ್ಯಾಮತಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂತಿದ್ದೇನೆ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಎಟಿಎಂನಲ್ಲಿ ಸಾಲು ಬಿಟ್ಟು ನುಗ್ಗಿದವರಿಗೆ ನನ್ನ ಪರಿಚಯ ಚೆನ್ನಾಗಿಯೇ ಇದೆ. ಆದರೆ ನಾನು ಹೇಳಹೊರಟಿರುವುದು ನನ್ನ ಕಥೆಯಲ್ಲ, ನಾಗೇಂದ್ರಪ್ಪನ ಮಗಳು ಶಾಂತಲಾಳ ಕಥೆ.

ನಾಗೇಂದ್ರಪ್ಪ ಗೋವಿನಕೋವಿಯ ಬಸವರಾಜಪ್ಪನವರ ಒಬ್ಬನೇ ಮಗ. ನಾನು ಸೈನ್ಯದಿಂದ ರಜೆಗೆ ಬಂದಾಗಲೆಲ್ಲ ಅವನನ್ನು ಕಾಲುವೆ ಏರಿಯ ಮೇಲೆ ಓಡಿಸುತ್ತಿದ್ದೆ. ಬೈದು, ಕಲ್ಲು ಬೀಸಿ, ವಾಂತಿ ಮಾಡಿಕೊಳ್ಳುವ ತನಕ ಓಡಿಸಿ ಭರ್ತಿಗೆ ತಯಾರು ಮಾಡಿದೆ. ಅವನು ಆಯ್ಕೆಯಾದ ದಿನ ನನ್ನ ಕಾಲು ಮುಟ್ಟಲು ಬಂದಿದ್ದ. "ಏಯ್, ಕಾಲಿಗೆ ಬೀಳಬ್ಯಾಡ, ಸೆಲ್ಯೂಟ್ ಹೊಡಿ" ಎಂದು ಗದರಿಸಿದ್ದೆ. ಅಂದಿನಿಂದ ಕೊನೆಯವರೆಗೂ ನಾನು ಅವನಿಗೆ ಉಸ್ತಾದನೇ.

ಕೊನೆಯೆಂದರೆ ಎರಡು ಸಾವಿರದ ಇಪ್ಪತ್ತೊಂದರ ಮಳೆಗಾಲ. ಗಡಿಯಲ್ಲಿ ರಸ್ತೆಗೆ ಬಿದ್ದ ಮಣ್ಣು ತೆಗೆಸುತ್ತಿದ್ದಾಗ ಗುಡ್ಡ ಮತ್ತೊಮ್ಮೆ ಕುಸಿದು ಅವನ ಮೇಲೆಯೇ ಬಿತ್ತು. ಇನ್ನೊಂದು ವರ್ಷ ಕಳೆದಿದ್ದರೆ ಪಿಂಚಣಿ ತೆಗೆದುಕೊಂಡು ಮನೆಯಲ್ಲಿರುತ್ತಿದ್ದ. ಹೊನ್ನಾಳಿಯಿಂದ ಗೋವಿನಕೋವಿಯವರೆಗೆ ಮೆರವಣಿಗೆಯಾಯಿತು. ದಾರಿಯುದ್ದಕ್ಕೂ ಅವನ ಫ್ಲೆಕ್ಸ್. ಎಲ್ಲವನ್ನೂ ಹಾಕಿಸಿದವನು ಮಾರುತೇಶ, ನ್ಯಾಮತಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡು ಯುವಕ ಸಂಘ ನಡೆಸುವವನು. ಒಂದು ಪೈಸೆ ಮುಟ್ಟಲಿಲ್ಲ. ಪೆಟ್ಟಿಗೆ ಕೆಳಗಿಳಿಸುವಾಗ ಅವನು ಮಕ್ಕಳಂತೆ ಅತ್ತಿದ್ದನ್ನು ನಾನೇ ನೋಡಿದ್ದೇನೆ. ಅವನ ಹೃದಯದ ಬಗ್ಗೆ ನನ್ನ ತಕರಾರೇನೂ ಇಲ್ಲ.

ಶಾಂತಲಾ ಆಗ ಹೊನ್ನಾಳಿಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಅವಳಿಗೆ ಕೆಲವು ವರ್ಷಗಳಿಂದ ಒಂದೇ ಹಟ, ದನದ ಡಾಕ್ಟರ್ ಆಗಬೇಕು ಅಂತ. ಹೈಸ್ಕೂಲಿನಲ್ಲಿದ್ದಾಗ ಅವರ ಮನೆಯ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಡಾಕ್ಟರ್ ಬರುವಷ್ಟರಲ್ಲಿ ತಾಯಿ ಕರು ಎರಡೂ ಹೋದವು. ಹುಡುಗಿ ಮೂರು ದಿನ ಅನ್ನ ಮುಟ್ಟಿರಲಿಲ್ಲ. ಆಮೇಲೊಮ್ಮೆ ನಾಗೇಂದ್ರಪ್ಪ ಗಡಿಯಿಂದ ಫೋನು ಮಾಡಿ ನಗುನಗುತ್ತ ಹೇಳಿದ್ದ: "ಉಸ್ತಾದ್, ಇವ್ಳಂತೂ ಡಾಕ್ಟ್ರೇ ಆಗ್ತಾಳಂತೆ. ಸೈನಿಕರ ಮಕ್ಳಿಗೆ ಅಂತ ಸೀಟು ಇರ್ತಾವಲ್ಲ, ಅದೊಂದು ಸಿಕ್ರೆ ಸಾಕು. ನಾನು ಇಷ್ಟು ವರ್ಷ ಈ ಹಿಮದಾಗೆ ಕುಂತಿದ್ದು ವಸೂಲಾತು ಅನ್ಕಂತೀನಿ."

ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಮಣ್ಣು ಮಾಡಿ, ಶಿವಗಣಾರಾಧನೆ ಮುಗಿದ ಮೇಲೆ ನಾನೇ ಅವರ ಮನೆಗೆ ಹೋಗಿ ಕೂತೆ. ನಾಗೇಂದ್ರಪ್ಪನ ಹೆಂಡತಿ ಕಲ್ಪನಾ ಒಳಗಿನ ಬಾಗಿಲ ಹಿಂದೆ ನಿಂತಿದ್ದಳು. "ಅಳೋದೆಲ್ಲ ಅಳಮ್ಮ, ಬ್ಯಾಡ ಅನ್ನಲ್ಲ. ಆದ್ರೆ ಇವ್ಳ ಓದು ನಿಲ್ಲಂಗಿಲ್ಲ. ಸರ್ಕಾರ ಓದಿಸ್ತೈತೆ, ಸೀಟೂ ಕೊಡ್ತೈತೆ. ಅದು ಭಿಕ್ಷೆ ಅಲ್ಲ, ಅವ್ನು ದುಡಿದಿಟ್ಟಿದ್ದು" ಎಂದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತಲೆಯಾಡಿಸಿದಳು.

ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಸೈನಿಕ ಕಲ್ಯಾಣದ ಕಚೇರಿಗೆ ಹೋದೆ. ಅಲ್ಲಿದ್ದವರು ನನ್ನ ಹಾಗೆಯೇ ನಿವೃತ್ತರಾದ ಸುಬೇದಾರರು, ಒಳ್ಳೆಯ ಮನುಷ್ಯ. ಚಹಾ ತರಿಸಿಕೊಟ್ಟರು. ಶಾಂತಲಾಳಿಗೆ ಅವಲಂಬಿತಳ ಗುರುತಿನ ಚೀಟಿ ಮಾಡಿಸಿಕೊಟ್ಟು, ಸೀಟಿಗೂ ವಿದ್ಯಾರ್ಥಿ ವೇತನಕ್ಕೂ ಇದೇ ಆಧಾರ ಎಂದರು. ಕೊನೆಯಲ್ಲಿ ಕನ್ನಡಕ ಸರಿಮಾಡಿಕೊಂಡು, "ಒಂದು ಮಾತು ನೆನಪಿಡ್ರಿ. ಮಗಳಾದ್ರೆ ಇದು ಮದುವೆಯಾಗೋ ತನಕ ಮಾತ್ರ. ಮದುವೆಯಾದ ದಿನವೇ ಇದು ರದ್ದು" ಎಂದರು. ನಾನು ಹೋಹೋ ಎಂದು ನಕ್ಕುಬಿಟ್ಟೆ. "ಸಾಹೇಬ್ರೆ, ಇದಿನ್ನೂ ಕೂಸು. ಇದರ ಮದ್ವೆ ಯಾರು ಮಾಡ್ತಾರೆ?"

ಮಾಡುವವರು ಮನೆಯಲ್ಲೇ ಇದ್ದರು.

ಬೇಸಿಗೆ ಬಂತು. ಪಿಯುಸಿ ಪರೀಕ್ಷೆ ಮುಗಿಸಿ ಶಾಂತಲಾ ಸಿಇಟಿ ಪರೀಕ್ಷೆಗೆ ಹಗಲೆಲ್ಲ ಓದುತ್ತಿದ್ದಳು. ಒಂದು ದಿನ ಬಸವರಾಜಪ್ಪನವರು ಬ್ಯಾಂಕಿಗೆ ಬಂದವರು ಕೆಲಸ ಮುಗಿಸಿಕೊಂಡು ನನ್ನ ಪಕ್ಕದ ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ಶಲ್ಯದಿಂದ ಕತ್ತು ಒರೆಸಿಕೊಂಡರು. ಆಮೇಲೆ, "ಅಮೀರ್‌ಜಾನ್, ಶಾಂತಲಾಗೆ ಗಂಡು ಗೊತ್ತಾತು" ಎಂದರು.

ನನಗೆ ತಟ್ಟನೆ ಅರ್ಥವೇ ಆಗಲಿಲ್ಲ. "ಏನು ಗೊತ್ತಾತು?"

"ಗಂಡು. ಜಗಳೂರಿಗೆ ಕೊಟ್ಟ ನನ್ನ ಮಗಳೈದಾಳಲ್ಲ, ಅವಳ ಮಗ ಮಹಾಂತೇಶ. ಹೊರಗಿನೋರೇನಲ್ಲ. ಇವ್ಳಿಗೂ ಹದಿನೆಂಟು ತುಂಬೈತೆ. ಆಷಾಢ ಹತ್ತೋದ್ರೊಳಗೆ ಮುಗಿಸಿಬಿಡಾಣ ಅಂತ."

"ಯಜಮಾನ್ರೆ, ತಲೆಗಿಲೆ ಕೆಟ್ಟೈತಾ ನಿಮ್ಗೆ? ಪರೀಕ್ಷೆ ತಿಂಗಳೊಪ್ಪತ್ತಿನಾಗೆ ಐತೆ. ಮದ್ವೆ ಆದ್ರೆ ಸೀಟು ಹೋತು!" ಬ್ಯಾಂಕಿನೊಳಗಿನವರೆಲ್ಲ ಕತ್ತು ಹೊರಳಿಸಿ ನೋಡುವಷ್ಟು ಜೋರಾಗಿ ಕೂಗಿಬಿಟ್ಟಿದ್ದೆ.

ಅವರು ಸಿಟ್ಟಾಗಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಒಂದು ಶುಭಕಾರ್ಯ ಆಗಬೇಕು. ಇಲ್ಲದಿದ್ದರೆ ಮೂರು ವರ್ಷ ಏನೂ ಮಾಡುವ ಹಾಗಿಲ್ಲ, ಸಾವಿನ ನೆರಳು ಮನೆಯಲ್ಲೇ ನಿಲ್ಲುತ್ತದೆ ಎಂಬುದು ನಮ್ಮ ಕಡೆಯ ಹಿರಿಯರ ನಂಬಿಕೆ. ಅವರು ಅದನ್ನೇ ಮೆಲ್ಲಗೆ, ಸಣ್ಣ ಮಗುವಿಗೆ ತಿಳಿಸುವ ಹಾಗೆ ನನಗೆ ತಿಳಿಸಿದರು. ಅವರ ಹೆಂಡತಿ ಕಸ್ತೂರಮ್ಮ ಮಗ ಹೋದಾಗಿನಿಂದ ಹಾಸಿಗೆ ಹಿಡಿದಿದ್ದರು. "ಅವಳು ದಿನಾ ಹೊಸ್ತಿಲ ಕಡೆ ನೋಡ್ಕಂತ ಮಲಗಿರ್ತಾಳೆ. ಮಗ ಒಳಕ್ಕೂ ಬರ್ವಲ್ಲ, ಹೊರಕ್ಕೂ ಹೋಗ್ವಲ್ಲ, ಅಲ್ಲೇ ನಿಂತಾನೆ ಅಂತಾಳೆ. ಮನೇಲಿ ಒಂದು ತಾಳಿ ಬಿದ್ರೆ ಅವ್ನು ನೆಮ್ಮದಿಯಾಗಿ ಹೋಗ್ತಾನಂತೆ" ಎಂದರು. ನಾನು ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ.

"ಹಂಗಾರೆ ಬೇರೆ ಏನಾರ ಶುಭಕಾರ್ಯ ಮಾಡ್ರಿ. ಕೊಟ್ಟಿಗೆ ಕಟ್ಸಿ ಪೂಜೆ ಮಾಡ್ರಿ. ಓದೋ ಹುಡುಗಿ ಕುತ್ತಿಗೆನೇ ಬೇಕಾ?"

"ನಿಮ್ಮ ಪದ್ಧತಿ ನಿಮ್ಗೆ, ನಮ್ಮ ಮನೆ ಪದ್ಧತಿ ನಮ್ಗೆ, ಅಮೀರ್‌ಜಾನ್" ಎಂದು ಅವರು ಎದ್ದರು. ಮೂವತ್ತು ವರ್ಷ ಆ ಮನೆಯಲ್ಲಿ ಉಂಡವನಿಗೆ ಅವರು ಆಡಬಾರದಿದ್ದ ಮಾತು ಅದು. ಅವರಿಗೂ ಗೊತ್ತಾಯಿತು. ಎರಡು ಹೆಜ್ಜೆ ಹೋದವರು ಹಿಂದಿರುಗಿ ಬಂದು, "ಓದು ನಿಲ್ಸಲ್ಲ ಅಂತ ಮಹಾಂತೇಶ ಮಾತು ಕೊಟ್ಟಾನೆ" ಎಂದರು.

ಆ ಮನೆಯವರು ಕೂತು ಒಂದು ಉಪಾಯ ಮಾಡಿದ್ದರು. ಲಗ್ನಪತ್ರಿಕೆ ಅಚ್ಚು ಹಾಕಿಸುವುದಿಲ್ಲ, ಛತ್ರವಿಲ್ಲ, ಫೋಟೊದವನಿಲ್ಲ, ನೋಂದಣಿ ಇಲ್ಲ. ಮನೆಯ ಪಡಸಾಲೆಯಲ್ಲಿ ಹತ್ತಿರದವರ ಮುಂದೆ ತಾಳಿ ಕಟ್ಟಿಸುವುದು, ಅಷ್ಟೆ. ಸರ್ಕಾರದ ಲೆಕ್ಕದಲ್ಲಿ ಹುಡುಗಿ ಕನ್ಯೆಯಾಗಿಯೇ ಇರುತ್ತಾಳೆ, ಸೀಟು ತೆಗೆದುಕೊಂಡು ಹಾಸ್ಟೆಲಿಗೆ ಹೋಗುತ್ತಾಳೆ. ಯಾರಿಗೆ ಗೊತ್ತಾಗುತ್ತದೆ? ಕಲ್ಪನಾಳನ್ನು ಯಾರೂ ಕೇಳಲಿಲ್ಲ. ಗಂಡ ಸತ್ತವಳು ಮಗಳ ಮದುವೆಯ ಮಾತಿನಲ್ಲಿ ಮುಂದೆ ಬರಬಾರದಲ್ಲ!

ಶಾಂತಲಾ ನನ್ನನ್ನು ಕರೆಯಲು ಬಂದಳು. ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ. "ಬರಲ್ಲ. ಸರ್ಕಾರಕ್ಕೆ ಸುಳ್ಳು ಹೇಳೋ ಕಡೆ ನಾನು ಬರಲ್ಲ. ನಿಮ್ಮಪ್ಪನೂ ಬರ್ತಿರ್ಲಿಲ್ಲ" ಎಂದೆ.

"ಅಜ್ಜಿ ಊಟ ಬಿಟ್ಟೈತೆ ಮಾಮ" ಎಂದಳು. ಕಣ್ಣಲ್ಲಿ ನೀರಿರಲಿಲ್ಲ. "ನಾನು ಹೂಂ ಅಂದ ದಿನ ಒಂದು ತುತ್ತು ತಿಂತು. ನಾನೇನು ಮಾಡ್ಲಿ ಹೇಳು. ನೀನೂ ಬರ್ಲಿಲ್ಲ ಅಂದ್ರೆ ಅಪ್ಪನ ಕಡೆಯಿಂದ ಅಂತ ಯಾರಿರ್ತಾರೆ?"

ಸೈದಾಬೀ ಒಳಗಿನಿಂದಲೇ, "ಹೋಗ್ತೀವಿ ಮಗಾ, ನೀನು ಚಿಂತೆ ಮಾಡಬ್ಯಾಡ. ಈ ಮನುಷ್ಯನ್ನ ನಾನು ಹೊತ್ಕೊಂಡಾದ್ರೂ ಬರ್ತೀನಿ" ಎಂದಳು. ಹುಡುಗಿ ನಕ್ಕಳು. ಆ ವರ್ಷ ನಾನು ನೋಡಿದ ಅವಳ ನಗು ಅದೊಂದೇ.

ಮದುವೆಯ ಬೆಳಿಗ್ಗೆ ಸೈದಾಬೀಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೊರಟೆ. ಗೋವಿನಕೋವಿ ಕ್ರಾಸಿಗೆ ಬಂದೆವು. ತಲೆಯೆತ್ತಿ ನೋಡಿದವನು ಬ್ರೇಕು ಒತ್ತಿದ ರಭಸಕ್ಕೆ ಸೈದಾಬೀಯ ಹಣೆ ನನ್ನ ಬೆನ್ನಿಗೆ ಹೊಡೆಯಿತು.

ಕ್ರಾಸಿನಲ್ಲಿ ಮನೆಯೆತ್ತರದ ಫ್ಲೆಕ್ಸ್ ನಿಂತಿತ್ತು. ನಡುವೆ ಸಮವಸ್ತ್ರದಲ್ಲಿ ನಾಗೇಂದ್ರಪ್ಪ, ಹಿಂದೆ ರಾಷ್ಟ್ರಧ್ವಜ. ಅವನ ಎದೆಯ ಮುಂದೆ ಒಂದು ಕಡೆ ಶಾಂತಲಾ, ಇನ್ನೊಂದು ಕಡೆ ಮಹಾಂತೇಶ. 'ವೀರಯೋಧನ ಸುಪುತ್ರಿಯ ವಿವಾಹ ಮಹೋತ್ಸವ'. ಹೆಸರು, ತಾರೀಖು, ಊರು, ಒಂದೂ ಬಿಟ್ಟಿರಲಿಲ್ಲ. ಕೆಳಗೆ ಶುಭಕೋರುವವರು. ಆ ಸಾಲಿನಲ್ಲಿ ಮೊಟ್ಟಮೊದಲ ಮುಖ ನನ್ನದು! ಹಳೆಯ ಟೋಪಿ ಹಾಕಿದ ಫೋಟೊ ಎಲ್ಲಿಂದಲೋ ಹುಡುಕಿ ಹಾಕಿ, 'ಹವಾಲ್ದಾರ್ ಅಮೀರ್‌ಜಾನ್, ಯೋಧನ ಗುರುಗಳು' ಎಂದು ಬರೆಸಿದ್ದ ಮಾರುತೇಶ.

ಆ ಮನೆಯವರು ಊರಿನವರಿಗೆ ಸದ್ದುಗದ್ದಲವಿಲ್ಲದ ಮದುವೆ ಎಂದಷ್ಟೇ ಹೇಳಿದ್ದರು. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳುತ್ತಾರೆ? ದುಃಖದ ಮನೆ, ಪಾಪ, ಖರ್ಚಿಗೆ ಅಂಜಿ ಸುಮ್ಮನೆ ಮಾಡುತ್ತಿದ್ದಾರೆ ಎಂದುಕೊಂಡ ಮಾರುತೇಶ ತನ್ನ ಕೈಯಿಂದಲೇ ಈ ಮರ್ಯಾದೆ ಮಾಡಿದ್ದ.

"ಮಾರುತೇಶನಿಗೆ ಫೋನ್ ಮಾಡ್ರಿ, ಅವ್ನೇ ಬಂದು ಇಳಿಸ್ತಾನೆ" ಎಂದಳು ಸೈದಾಬೀ.

ಆ ಮಾತು ಕೇಳಿದ್ದರೆ! ನನಗೆ ಕಿವಿ ಕೇಳಿಸಲಿಲ್ಲ, ಕಣ್ಣು ಕಾಣಿಸಲಿಲ್ಲ. ಸ್ಕೂಟರು ಬಿದ್ದರೆ ಬೀಳಲಿ ಎಂದು ಬಿಟ್ಟು ಹೋಗಿ, ಕಟ್ಟಿಗೆಯ ಚೌಕಟ್ಟು ಹತ್ತಿ, ಫ್ಲೆಕ್ಸಿನ ಮೂಲೆ ಹಿಡಿದು ಜಗ್ಗಿದೆ. ಜಗ್ಗಿದ ಕಡೆಯಿಂದ ನಾಗೇಂದ್ರಪ್ಪನ ಹೆಗಲಿನವರೆಗೂ ಪರ್ರೆಂದು ಹರಿಯಿತು.

ಬಸ್ಸಿಗೆ ಕಾಯುತ್ತಿದ್ದವರು ಓಡಿ ಬಂದರು. ಯಾರೂ ಗುರುತಿನವರಲ್ಲ. ಒಬ್ಬ ಕಾಲು ಹಿಡಿದು ಕೆಳಗೆಳೆದ. "ಯೋಧನ ಫೋಟೊ ಹರೀತಾನ್ರೋ ಇವ್ನು!" ಎಂದು ಇನ್ನೊಬ್ಬ ಕೂಗಿದ. ಮೂರನೆಯವನು ನನ್ನ ಗಡ್ಡ ನೋಡಿ, "ಯಾವ ದೇಶದೋನಲೇ ನೀನು?" ಎಂದು ಕಪಾಳಕ್ಕೆ ಹೊಡೆದ. ಈ ದೇಶಕ್ಕೆ ಆಯಸ್ಸಿನ ಅರ್ಧ ಕಾವಲು ಕೂತವನಿಗೆ ಕೇಳುವ ಪ್ರಶ್ನೆಯೇ ಇದು? "ನಾನೂ ಸೈನಿಕ್ನೇ ಕಣ್ರೋ! ಇವ್ನಿಗೆ ಓಡೋದು ಕಲಿಸ್ದೋನು ನಾನು! ಕೆಳಗೆ ನೋಡ್ರಿ, ನಂದೇ ಫೋಟೊ ಐತೆ!" ಎಂದು ಅರಚಿದೆ.

"ಹಂಗಾರೆ ಯಾಕೆ ಹರಿದೆ? ಹೇಳು, ಯಾಕೆ ಹರಿದೆ?"

ಯಾಕೆ ಎಂದು ಹೇಳಲಿ? ಹೇಳಿದರೆ ಅಷ್ಟೂ ಜನರೆದುರು ನಾನೇ ಹುಡುಗಿಯ ಸೀಟಿಗೆ ಕಲ್ಲು ಹಾಕಿದಂತೆ. ಬಾಯಿ ಮುಚ್ಚಿಕೊಂಡೆ. ಜೀವಮಾನದಲ್ಲಿ ಬಾಯಿ ಮುಚ್ಚದವನು ಆ ದಿನ ಮುಚ್ಚಿದೆ. ಏಟು ಬಿದ್ದವು. ಸೈದಾಬೀ ನಡುವೆ ಬಂದು, ಕೈ ಮುಗಿದು, ಅಳುತ್ತ, ಏನೇನೋ ಹೇಳುತ್ತಿದ್ದಳು. ಒಬ್ಬ ಹುಡುಗ ಆಚೆ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿದ್ದ.

ಮಾರುತೇಶ ಸುದ್ದಿ ತಿಳಿದು ಬಂದು ಬಿಡಿಸಿದ. ನನ್ನ ತುಟಿಯ ರಕ್ತವನ್ನು ತನ್ನ ಹೊಸ ಅಂಗಿಯ ತೋಳಿನಿಂದ ಒರೆಸಿದ. "ಅಮೀರಣ್ಣ, ನಿಮ್ದೇ ಮೊದಲ್ನೇ ಫೋಟೊ ಹಾಕ್ಸಿದ್ನಲ್ಲಣ್ಣ. ಯಾಕೆ ಹಿಂಗೆ ಮಾಡಿದ್ರಿ?" ಎಂದು ಕೇಳಿದ. ಅವನಿಗೂ ಹೇಳಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಅಲ್ಲಿಂದೀಚೆಗೆ ಅವನು ನನ್ನೊಂದಿಗೆ ಮಾತು ಬಿಟ್ಟ.

ಅಷ್ಟರಲ್ಲಿ ಯಾರೋ ಪೊಲೀಸರನ್ನು ಕರೆಸಿದ್ದರು. ಶಾಂತಲಾಳ ಕೊರಳಿಗೆ ತಾಳಿ ಬೀಳುವಾಗ ನಾನು ಪೊಲೀಸ್ ಠಾಣೆಯ ಬೆಂಚಿನ ಮೇಲಿದ್ದೆ.

ಆ ಹುಡುಗ ಹಿಡಿದ ವಿಡಿಯೊ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಎಲ್ಲ ಕಡೆ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಸೂಳೆಕೆರೆಯ ಹತ್ತಿರದ ಹಳ್ಳಿಯೊಂದರಲ್ಲಿರುವ ನನ್ನ ತಂಗಿ ಫೋನು ಮಾಡಿ, "ಭೈಯಾ, ನಿನ್ನ ಯಾಕೆ ಹಂಗೆ ಹೊಡೀತಿದ್ರು?" ಎಂದು ಗೋಳಾಡಿದಳು. ಬ್ಯಾಂಕಿನವರು ಒಂದಷ್ಟು ದಿನ ಬರಬೇಡ ಎಂದರು. ಆಮೇಲೆ ಮ್ಯಾನೇಜರ್ ನನ್ನ ಸರ್ವೀಸ್ ದಾಖಲೆ ನೋಡಿ ಮತ್ತೆ ಕರೆಸಿಕೊಂಡರು. ನನ್ನ ಪೆಟ್ಟು ವಾಸಿಯಾಯಿತು, ಅದರ ಮಾತು ಬಿಡಿ. ಶಾಂತಲಾ ಪರೀಕ್ಷೆ ಬರೆದಳು. ಒಳ್ಳೆಯ ಅಂಕವೇ ಬಂದವು. ಸೈನಿಕರ ಮಕ್ಕಳ ಸಾಲಿನಲ್ಲಿ ಅವಳ ಹೆಸರು ವೆಟರ್ನರಿ ಸೀಟು ಸಿಗುವಷ್ಟು ಮೇಲಿತ್ತು. ಸುದ್ದಿ ಬಂದ ದಿನ ಹುಡುಗಿ ಬ್ಯಾಂಕಿನ ಬಾಗಿಲಿಗೆ ಬಂದು ನನಗೆ ಸೆಲ್ಯೂಟ್ ಹೊಡೆದಳು. ಅವಳಪ್ಪನ ಕೈ ಹೇಗೆ ಬರುತ್ತಿತ್ತೋ ಹಾಗೆಯೇ ಬಂತು. ನಾನು ಒಳಗೆ ಹೋಗಿ ನೀರು ಕುಡಿಯುವ ನೆಪದಲ್ಲಿ ಕಣ್ಣೊರೆಸಿಕೊಂಡು ಬಂದೆ.

ದಾಖಲೆ ಪರಿಶೀಲನೆಗೆ ಬೆಂಗಳೂರಿಗೆ ಹೋಗಬೇಕಿತ್ತು. ಕಲ್ಪನಾ, "ಅಣ್ಣಾ, ನೀನೂ ಬಾ, ನಮ್ಗೆ ಅಲ್ಲಿ ಏನೂ ತಿಳಿಯಲ್ಲ" ಎಂದಳು. ಮೂವರೂ ಹೋದೆವು. ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಮಗಳು ಮುಖ ತೊಳೆಯಲು ಹೋದರು. ಬಂದಾಗ ಹುಡುಗಿಯ ಕೊರಳಲ್ಲಿ ತಾಳಿ ಇರಲಿಲ್ಲ, ಕಾಲಲ್ಲಿ ಕಾಲುಂಗುರವಿರಲಿಲ್ಲ. ಬೆರಳಿನ ಮೇಲೆ ಬಿಳಿ ಗುರುತು ಉಳಿದಿತ್ತು. ತಾಳಿಯನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಕಲ್ಪನಾ ಎದೆಯಲ್ಲಿಟ್ಟುಕೊಂಡಿದ್ದಳು. "ನಂದು ತೆಗೆದ್ರು, ಸರಿ. ಬದುಕಿರೋ ಗಂಡನ ತಾಳಿ ಮಗಳ ಕೊರಳಿಂದ ನಾನೇ ಬಿಚ್ಚಿದ್ನಲ್ಲಣ್ಣ" ಎಂದು ಆಟೊದಲ್ಲಿ ಉದ್ದಕ್ಕೂ ಬಿಕ್ಕಿದಳು. ಶಾಂತಲಾ ಹೊರಗೆ ನೋಡುತ್ತಿದ್ದಳು.

ಮೇಜಿನ ಆಚೆ ಕೂತಿದ್ದ ಅಧಿಕಾರಿ ಕಡತ ತಿರುವುತ್ತ ಬಂದು ಶಾಂತಲಾಳ ಗುರುತಿನ ಚೀಟಿಯ ಹತ್ತಿರ ನಿಂತರು. ತಲೆಯೆತ್ತಿ ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನಿಮ್ಮನ್ನ ಎಲ್ಲೋ ನೋಡಿದ್ದೇನಲ್ಲ" ಎಂದರು ನನಗೆ.

ಪಕ್ಕದ ಮೇಜಿನವರು ಮೊಬೈಲ್ ಚಾಚಿದರು. ಆ ಸಾಲಿನಲ್ಲಿ ಶಾಂತಲಾಳ ಹಿಂದಿದ್ದ ಯಾವುದೋ ಮಗುವಿನ ತಂದೆ ಆಕ್ಷೇಪಣೆ ಕಳಿಸಿದ್ದರು. ವಿಡಿಯೊದಲ್ಲಿ ನಾನು ಚೌಕಟ್ಟಿನ ಮೇಲೆ ಕೋತಿಯ ಹಾಗೆ ನೇತಾಡುತ್ತಿದ್ದೆ. ನನ್ನ ಮುಖ ಗುರುತು ಹತ್ತುವಂತಿತ್ತು. ನನ್ನ ಹಿಂದಿನ ಫ್ಲೆಕ್ಸ್ ಅಂತೂ ಕನ್ನಡಿಯಂತೆ ಕಾಣುತ್ತಿತ್ತು: ನಾಗೇಂದ್ರಪ್ಪ, ಶಾಂತಲಾ, ಮಹಾಂತೇಶ, ಹೆಸರು, ತಾರೀಖು, ವಿವಾಹ ಮಹೋತ್ಸವ. ನಾನು ಹರಿದದ್ದು ಅಕ್ಷರವಿಲ್ಲದ ಮೂಲೆ.

"ಇದು ನೀನೇನಮ್ಮ?" ಎಂದು ಅಧಿಕಾರಿ ಕೇಳಿದರು. ದನಿಯಲ್ಲಿ ಒರಟುತನವಿರಲಿಲ್ಲ. ಅಲ್ಲ ಅಂದುಬಿಡಲಿ, ಫ್ಲೆಕ್ಸ್ ಸುಳ್ಳು ಅಂದುಬಿಡಲಿ ಎಂದು ನಾನು, ಸರ್ಕಾರಕ್ಕೆ ಸುಳ್ಳು ಹೇಳಬಾರದು ಎಂದು ಹಾರಾಡಿದವನು, ಅಲ್ಲಾಹನನ್ನು ಬೇಡಿಕೊಂಡೆ.

"ಹೌದು ಸಾರ್, ನಾನೇ" ಎಂದಳು ಶಾಂತಲಾ.

ಅವರು ಪೆನ್ನು ಕೆಳಗಿಟ್ಟರು. ಮದುವೆಯಾದ ಮಗಳು ತಂದೆಯ ಅವಲಂಬಿತಳಲ್ಲ, ಚೀಟಿ ಊರ್ಜಿತವಲ್ಲ, ತಾನೇನೂ ಮಾಡುವ ಹಾಗಿಲ್ಲ ಎಂದು ಹೇಳಿದರು.

"ಮದ್ವೆ ಆದ್ರೆ ನಮ್ಮಪ್ಪ ನಮ್ಮಪ್ಪ ಅಲ್ವಾ ಸಾರ್?"

ಅವರು ಕಡತ ಮುಚ್ಚಿದರು.

"ನಾನು ಗಂಡುಮಗ ಆಗಿದ್ರೆ? ಮದ್ವೆ ಆಗಿದ್ರೆ?"

"ಗಂಡುಮಕ್ಕಳಿಗೆ ಇಪ್ಪತ್ತೈದು ವರ್ಷದ ತನಕ ಅಂತ ಇದೆ" ಎಂದರು ಅವರು, ಕಡತದ ಕಡೆಗೇ ನೋಡುತ್ತ. "ಮದುವೆ ಮಾತಿಲ್ಲ." ಮುಂದಿನ ಹೆಸರು ಕರೆದರು. ಹೊರಗೆ ಬಂದ ಮೇಲೆ ಕಲ್ಪನಾ ಕರ್ಚೀಫಿನ ಗಂಟು ಬಿಚ್ಚಿ, ಅಲ್ಲೇ ಮೆಟ್ಟಿಲ ಮೇಲೆ ಕೂತು, ಮಗಳ ಕೊರಳಿಗೆ ತಾಳಿ ಹಾಕಿದಳು.

ಊರಿಗೆ ಬಂದ ಮೇಲೆ ಬಸವರಾಜಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, "ನೀನು ಅದನ್ನ ಹರೀದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದರು. ನನ್ನ ನೆತ್ತಿಗೆ ಬೆಂಕಿ ಇಟ್ಟಂತಾಯಿತು. ನೀವು ಮದುವೆ ಮಾಡದಿದ್ದರೆ ಹರಿಯುವುದೇ ಇರುತ್ತಿರಲಿಲ್ಲವಲ್ಲ ಎಂದು ಹಾರಿಬೀಳಬೇಕಿತ್ತು. ಆದರೆ ಅವರ ಮಾತು ನಿಜವಾಗಿತ್ತು, ನನ್ನದೂ ನಿಜವಾಗಿತ್ತು. ಅಜ್ಜಿ, ತಾತ, ಮಾರುತೇಶ, ನಾನು, ಎಲ್ಲರೂ ಆ ಹುಡುಗಿಗೆ ಶುಭ ಕೋರಿದವರೇ. ಎಲ್ಲರೂ ಸೇರಿ ಕೋರಿ ಕೋರಿ ಅವಳನ್ನು ಮುಗಿಸಿದೆವು. ಕಸ್ತೂರಮ್ಮ ದೀಪಾವಳಿಗೂ ಉಳಿಯಲಿಲ್ಲ. ಸಾಯುವಾಗಲೂ ಹೊಸ್ತಿಲ ಕಡೆಯೇ ನೋಡುತ್ತಿದ್ದರಂತೆ.

ಸೀಟಿಲ್ಲದ ಮೇಲೆ ತವರಿನಲ್ಲಿ ಏನು ಕೆಲಸ ಎಂದು ಜಗಳೂರಿನವರು ಶಾಂತಲಾಳನ್ನು ಕರೆದುಕೊಂಡು ಹೋದರು.

ಸಂಕ್ರಾಂತಿ ಕಳೆದಿತ್ತು. ಬ್ಯಾಂಕಿನಲ್ಲಿ ಬೆಳಿಗ್ಗೆ ಪೇಪರು ಓದುತ್ತಿದ್ದವನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಯಾರೋ ಒಬ್ಬ ಸೈನಿಕನ ಮಗಳು ಹೈಕೋರ್ಟಿಗೆ ಹೋಗಿದ್ದಳಂತೆ. ಮಗಳಾದರೆ ಮದುವೆಯಾಗುವವರೆಗೆ ಮಾತ್ರ ಎಂಬ ಆ ಮಾತನ್ನೇ ಕೋರ್ಟು ಹೊಡೆದುಹಾಕಿತ್ತು. ನಾವು ಬೆಂಗಳೂರಿನಿಂದ ಬರಿಗೈಯಲ್ಲಿ ಬಂದು ಮೂರು ತಿಂಗಳು ಆಗಿತ್ತೋ ಇಲ್ಲವೋ. ರಜೆ ಹಾಕಿ, ಪೇಪರು ಮಡಚಿ ಜೇಬಿನಲ್ಲಿಟ್ಟುಕೊಂಡು, ಜಗಳೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೆಕ್ಕೆಜೋಳ ಕಟಾವಾದ ಒಣ ಹೊಲಗಳು. ನಾನು ಮಾತ್ರ ಹಬ್ಬಕ್ಕೆ ಹೊರಟ ಹುಡುಗನ ಹಾಗೆ ಕೂತಿದ್ದೆ.

ಮಹಾಂತೇಶನ ಮನೆ ಊರಾಚೆ ಇತ್ತು. ಅವನ ಮೇಲೂ ನನಗೆ ಸಿಟ್ಟು ಬರಲೊಲ್ಲದು; ಮೆತ್ತನೆಯ ಹುಡುಗ, ತಾಯಿ ಹಾಕಿದ ಗೆರೆ ದಾಟುವವನಲ್ಲ. "ಕುರಿ ಹಟ್ಟೀಲಿ ಐದಾಳೆ, ಹೋಗ್ರಿ ಮಾಮ" ಎಂದ.

ಶಾಂತಲಾ ಹೊಟ್ಟೆಯುಬ್ಬರಿಸಿಕೊಂಡು ಮಲಗಿದ್ದ ಒಂದು ಕುರಿಯ ಪಕ್ಕದಲ್ಲಿ ಕೂತಿದ್ದಳು. ನನ್ನನ್ನು ನೋಡಿ ಏಳಲು ಹೋದಳು, ಸುಲಭವಾಗಿ ಏಳಲಾಗಲಿಲ್ಲ. ಆಗ ಗೊತ್ತಾಯಿತು, ಅವಳು ಬಸುರಿ. ನಾನು ಪೇಪರು ತೆಗೆದು, ಓದಿ ಹೇಳಿದೆ. ಏದುಸಿರು ಬಿಡುತ್ತ ಹೇಳಿದೆ. ಮತ್ತೆ ಪರೀಕ್ಷೆ ಬರೆಯಬಹುದು, ಚೀಟಿ ಮಾಡಿಸಬಹುದು, ನಾನೇ ಓಡಾಡುತ್ತೇನೆ ಎಂದೆ.

ಅವಳು ಪೂರ್ತಿ ಕೇಳಿಸಿಕೊಂಡಳು. "ಪುಸ್ತಕ ಎಲ್ಲ ಅತ್ತೆ ಗುಜರಿಯೋನಿಗೆ ಹಾಕ್ಬಿಟ್ರು ಮಾಮ" ಎಂದಳು. "ಇಷ್ಟು ಕುರಿ, ಇದೊಂದು ಹೊಟ್ಟೆ. ಎಲ್ಲಿ ಕುಂತು ಓದ್ಲಿ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, "ಇದಕ್ಕೆ ಬರ್ತೈತಾ ಆ ಸೀಟು? ಇದು ಹೆಣ್ಣಾದ್ರೆ?" ಎಂದು ಕೇಳಿದಳು.

"ಮೊಮ್ಮಕ್ಕಳಿಗೆ ಇಲ್ಲಮ್ಮ" ಎಂದೆ.

"ಹಂಗಾರೆ ಬಿಡು" ಎಂದು ಕುರಿಯ ಕಡೆ ತಿರುಗಿದಳು. "ಇದರ ಕಾಲು ಹಿಡ್ಕ, ಒದೀತೈತೆ."

ಕಾಲು ಹಿಡಿದುಕೊಂಡು ಮಂಡಿಯೂರಿದವನು ಯಾಕೋ ತಲೆಯೆತ್ತಿದೆ. ಹಟ್ಟಿಯ ಮೇಲೆ ಬಿಸಿಲಿಗೆ ಅಡ್ಡವಾಗಿ ಕಟ್ಟಿದ್ದು ಅದೇ ಫ್ಲೆಕ್ಸ್. ಒಳ್ಳೆ ಗಟ್ಟಿ ಫ್ಲೆಕ್ಸು, ಹಾಳಾಗಬಾರದು ಎಂದು ಮದುವೆ ಮುಗಿದ ಮೇಲೆ ಬೀಗರು ಮಡಚಿ ತಂದಿದ್ದರು. ನಾನು ಹರಿದ ಕಡೆ ಚೀಲ ಹೊಲಿಯುವ ದಾರದಿಂದ ಹೊಲಿಗೆ ಹಾಕಿತ್ತು. ಮಹಾಂತೇಶನೂ ಶಾಂತಲಾಳೂ ಬಣ್ಣ ಹೋಗಿ ಬೆಳ್ಳಗಾಗಿದ್ದರು. ನಾಗೇಂದ್ರಪ್ಪ ಮಾತ್ರ ಹಾಗೆಯೇ ಇದ್ದ, ಸಮವಸ್ತ್ರದಲ್ಲಿ, ನಮ್ಮಿಬ್ಬರನ್ನೂ ಕುರಿಗಳನ್ನೂ ನೆಟ್ಟಗೆ ನೋಡುತ್ತ.

"ಮುಖ ಮೇಲ್ಮಾಡಿ ಕಟ್ಟಬೇಕಿತ್ತಲ್ಲಮ್ಮ" ಎಂದೆ.

"ಅವ್ರು ಹಂಗೇ ಕಟ್ಟಿದ್ರು. ನಾನೇ ಬಿಚ್ಚಿಸಿ ತಿರುಗಿಸಿ ಕಟ್ಸಿದೆ" ಎಂದಳು ಶಾಂತಲಾ, ಕೈಯ ಕೆಲಸ ನಿಲ್ಲಿಸದೆ. "ನೋಡ್ಲಿ ಮಾಮ. ಅಷ್ಟು ವರ್ಷ ಹಿಮದಾಗೆ ಕುಂತಿದ್ನಲ್ಲ, ಏನು ವಸೂಲಾತು ಅಂತ ಅವ್ನೂ ನೋಡ್ಲಿ."

ಕುರಿ ಒದ್ದಿತು. ನಾನು ಕಾಲು ಬಿಗಿಯಾಗಿ ಹಿಡಿದುಕೊಂಡೆ.